100 ಗ್ರಾಂ ಪುಡಿ ಸಿಲಿಂಡರ್‌ನಲ್ಲಿ ಹಿಡಿಸಲಿಲ್ಲ

"ಮೇಡಂ, ಪೌಡರ್ ಇಳೀತಾ ಇಲ್ಲ. ಸ್ವಲ್ಪ ಬಂದು ನೋಡಿ."

ಕಂಪ್ರೆಷನ್ ರೂಮಿನಿಂದ ಫೋನ್ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಗೌನು, ಟೋಪಿ, ಮಾಸ್ಕು, ಶೂ ಕವರ್ ಎಲ್ಲ ಹಾಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಹತ್ತು ನಿಮಿಷ ಆಯಿತು. ಒಳಗೆ ಆಪರೇಟರ್ ಅಣ್ಣ ರಬ್ಬರ್ ಸುತ್ತಿಗೆ ಹಿಡಿದು ಹಾಪರ್‌ಗೆ ಟಕ್ ಟಕ್ ಅಂತ ಬಡಿಯುತ್ತಿದ್ದರು. ಹಾಪರ್ ಅಂದರೆ ಮಾತ್ರೆ ಒತ್ತುವ ಮೆಷಿನ್ನಿನ ತಲೆ ಮೇಲೆ ಕೂರುವ ದೊಡ್ಡ ಸ್ಟೀಲ್ ಆಲಿಕೆ. ಅದರಿಂದ ಪುಡಿ ಇಳಿದು ಡೈ ಅನ್ನೋ ಚಿಕ್ಕ ಗುಂಡಿಗಳನ್ನು ತುಂಬಬೇಕು. ಮೇಲಿನ ಪಂಚ್, ಕೆಳಗಿನ ಪಂಚ್ ಸೇರಿ ಒತ್ತಿದರೆ ಮಾತ್ರೆ.

ಮುಚ್ಚಳ ತೆಗೆದು ಟಾರ್ಚ್ ಹಾಕಿದೆ. ಮೇಲೆ ಪುಡಿ ತುಂಬಿಯೇ ಇದೆ. ಕೆಳಗಿನ ಬಾಯಿ ಹತ್ತಿರ ಖಾಲಿ. ನಡುವೆ ಪುಡಿ ತನಗೆ ತಾನೇ ಕಮಾನು ಕಟ್ಟಿಕೊಂಡು ನಿಂತಿತ್ತು, ಹಳೇ ಸೇತುವೆಯ ಕಮಾನಿನ ಹಾಗೆ. ಸುತ್ತಿಗೆ ಏಟು ಬಿದ್ದಾಗ ಅದು ದಬ್ಬನೆ ಕುಸಿಯುತ್ತಿತ್ತು. ಒಂದು ನಿಮಿಷ ಮೆಷಿನ್ ಚೆನ್ನಾಗಿ ಓಡುತ್ತಿತ್ತು. ಮತ್ತೆ ಕಮಾನು.

ತೂಕ ನೋಡಿದರೆ ತಲೆ ಕೆಟ್ಟಿತು. ನಮ್ಮ ಮಾತ್ರೆ 250 ಮಿಲಿಗ್ರಾಂ ಇರಬೇಕು. ಔಷಧಗಳ ಗುಣಮಟ್ಟ ಹೇಗಿರಬೇಕು ಅಂತ ಹೇಳುವ ಅಧಿಕೃತ ಪುಸ್ತಕ ಇಂಡಿಯನ್ ಫಾರ್ಮಕೋಪಿಯಾ, ಅದರ ಪ್ರಕಾರ ಈ ತೂಕದ ಮಾತ್ರೆಗೆ ಶೇಕಡಾ 5ರಷ್ಟು ಆಚೀಚೆ ಆಗಬಹುದು. 20 ಮಾತ್ರೆ ತೂಗಿದರೆ ಎರಡಕ್ಕಿಂತ ಜಾಸ್ತಿ ಅದನ್ನು ದಾಟುವ ಹಾಗಿಲ್ಲ. ನಮ್ಮಲ್ಲಿ ಏಳು ದಾಟಿದ್ದವು. ಒಂದು 229, ಪಕ್ಕದ್ದು 266.

ಅಣ್ಣ ಸುತ್ತಿಗೆ ಕೆಳಗಿಟ್ಟು ಕೇಳಿದರು. "ಅದೇ ಪೌಡರ್ ಅಲ್ವಾ ಮೇಡಂ? ಹೋದ ವರ್ಷ ನೀರಿನ ಹಾಗೆ ಇಳೀತಿತ್ತಲ್ಲ?"

ಅದೇ ಸಾಮಾನು, ನಿಜ. ಆದರೆ ಅದೇ ಪುಡಿ ಅಲ್ಲ. ಇದು ನನಗೆ ಸರಿಯಾಗಿ ಅರ್ಥ ಆಗೋಕೆ ಮೂರು ತಿಂಗಳು ಬೇಕಾಯಿತು.

ನಾನು ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನ ಹೊರಗೆ, ಜಿಗಣಿ ಕಡೆ, ಒಂದು ಮಧ್ಯಮ ಗಾತ್ರದ ಫ್ಯಾಕ್ಟರಿಯ ಫಾರ್ಮುಲೇಷನ್ ವಿಭಾಗದಲ್ಲಿ. ಔಷಧದ ಹೆಸರು ಬರೆಯುವ ಹಾಗಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ. ದಿನಾ ನುಂಗುವ ಒಂದು ಮಾತ್ರೆ ಅಂದುಕೊಳ್ಳಿ. ಅದರ 50 ಮಿಲಿಗ್ರಾಂ ಮಾತ್ರೆ, ಅಂದರೆ 250 ಮಿಲಿಗ್ರಾಂ ತೂಕದೊಳಗೆ ಔಷಧ 50 ಇರುವುದು, ನಮ್ಮಲ್ಲಿ ಆಗಲೇ ಚೆನ್ನಾಗಿ ಓಡುತ್ತಿತ್ತು. ಮಾರ್ಕೆಟಿಂಗ್‌ನವರು 100 ಮಿಲಿಗ್ರಾಂ ಬೇಕು ಅಂದರು. ಅದೂ ಅದೇ ಸೈಜಿನಲ್ಲಿ. ವಯಸ್ಸಾದವರಿಗೆ ದೊಡ್ಡ ಮಾತ್ರೆ ನುಂಗೋಕೆ ಆಗಲ್ಲ ಅನ್ನೋದು ಅವರ ವಾದ. ತಪ್ಪೇನಿಲ್ಲ.

ಹಳೆಯ ಫಾರ್ಮುಲಾ ಹೀಗಿತ್ತು. ಔಷಧ ಶೇಕಡಾ 20. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ 45. ಇದು ಮರದ ನಾರಿನಿಂದ ಮಾಡಿದ ಬಿಳಿ ಪುಡಿ, ನಾವೆಲ್ಲ ಎಂಸಿಸಿ ಅಂತೀವಿ. ಸ್ಪ್ರೇ ಡ್ರೈ ಮಾಡಿದ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, 30.5. ಹೊಟ್ಟೆಯಲ್ಲಿ ಮಾತ್ರೆ ಒಡೆಯಲಿ ಅಂತ ಕ್ರಾಸ್‌ಕಾರ್ಮೆಲೋಸ್ 3. ಪುಡಿ ಜಾರಲಿ ಅಂತ ಏರೋಸಿಲ್ 0.5. ಪಂಚ್‌ಗೆ ಅಂಟದಿರಲಿ ಅಂತ ಮೆಗ್ನೀಸಿಯಂ ಸ್ಟಿಯರೇಟ್ 1. ಹೊಸದಕ್ಕೆ ನಾನು ಎಂಸಿಸಿಯಿಂದ 10, ಲ್ಯಾಕ್ಟೋಸಿನಿಂದ 10 ಕಿತ್ತು ಔಷಧಕ್ಕೆ ಸೇರಿಸಿದೆ. 40, 35, 20.5. ಉಳಿದದ್ದು ಹಾಗೇ. ಎಕ್ಸೆಲ್ ಶೀಟಿನಲ್ಲಿ ಎರಡು ನಿಮಿಷದ ಕೆಲಸ.

ಲ್ಯಾಬ್‌ನಲ್ಲಿ 2 ಕಿಲೋ ಮಾಡಿ ನೋಡಿದ್ದೆ. ಮಾತ್ರೆ ಚೆನ್ನಾಗಿ ಬಂದಿದ್ದವು. ಈಗ ಯೋಚಿಸಿದರೆ ನಗು ಬರುತ್ತದೆ. ಲ್ಯಾಬಿನ ಪುಟ್ಟ ಮೆಷಿನ್ನಿಗೆ ನಾನೇ ಚಮಚದಲ್ಲಿ ಪುಡಿ ತಳ್ಳುತ್ತಿದ್ದೆ. ಅದನ್ನು 'ಪುಡಿ ಚೆನ್ನಾಗಿ ಇಳಿಯುತ್ತದೆ' ಅಂತ ರಿಪೋರ್ಟಿನಲ್ಲಿ ಬರೆದವಳೂ ನಾನೇ. 100 ಕಿಲೋ ಬ್ಯಾಚಿನಲ್ಲಿ, ಅಂದರೆ ನಾಲ್ಕು ಲಕ್ಷ ಮಾತ್ರೆಗೆ, ಚಮಚ ಹಿಡಿದು ನಿಲ್ಲೋರು ಯಾರು?

ಮಧ್ಯಾಹ್ನ ಹಾಪರ್‌ನಿಂದ ಸ್ಯಾಂಪಲ್ ತಂದು ಬಲ್ಕ್ ಡೆನ್ಸಿಟಿ, ಅಂದರೆ ಕುಟ್ಟದೆ ಸುಮ್ಮನೆ ಸುರಿದಾಗ ಪುಡಿ ಎಷ್ಟು ಜಾಗ ಹಿಡಿಯುತ್ತದೆ ಅಂತ ನೋಡೋಕೆ ಕೂತೆ. 100 ಗ್ರಾಂ ಪುಡಿಯನ್ನು 250 ಮಿಲಿಲೀಟರ್ ಸಿಲಿಂಡರಿಗೆ ಮೆಲ್ಲಗೆ ಸುರಿಯಬೇಕು. ಹಳೆಯ ಪುಡಿ 238ಕ್ಕೆ ನಿಲ್ಲುತ್ತಿತ್ತು. ಹೊಸದನ್ನು ಸುರಿಯುತ್ತಾ ಹೋದೆ. 250 ಗೆರೆ ದಾಟಿತು, ಸಿಲಿಂಡರಿನ ಕಂಠಕ್ಕೆ ಬಂತು, ತಟ್ಟೆಯಲ್ಲಿ ಇನ್ನೂ ಪುಡಿ ಇತ್ತು. ಅದೇ ತೂಕ, ಆದರೆ ಹಿಡಿಸಲಿಲ್ಲ. ಅಷ್ಟು ಹೊತ್ತಿಗೇ ನನಗೆ ಗೊತ್ತಾಗಬೇಕಿತ್ತು. ಪುಡಿಯ ಕಣಗಳು ಒಂದರ ಪಕ್ಕ ಒಂದು ಕೂರುವ ಬದಲು ಒಂದನ್ನೊಂದು ಹಿಡಿದುಕೊಂಡು, ನಡುವೆ ಗಾಳಿ ಇಟ್ಟುಕೊಂಡು ನಿಂತಿದ್ದವು.

ಕೊನೆಗೆ 70 ಗ್ರಾಂ ತೆಗೆದುಕೊಂಡೆ. 206 ಮಿಲಿಲೀಟರ್ ಬಂತು. ಆಮೇಲೆ ಟ್ಯಾಪ್ ಮಾಡುವ ಯಂತ್ರದಲ್ಲಿಟ್ಟು 1250 ಸಲ ಕುಟ್ಟಿಸಿದೆ. 138ಕ್ಕೆ ಇಳಿಯಿತು.

ಈ ಕುಟ್ಟುವ ಲೆಕ್ಕ ಹೊಸದೇನಲ್ಲ. ನಮ್ಮೂರ ಸಂತೆಯಲ್ಲಿ ಹಿಟ್ಟು, ಪುಡಿ ಪಾವಿನಲ್ಲಿ ಅಳೆದು ಕೊಡುವ ಕಾಲದಲ್ಲಿ ಅಜ್ಜಿ ಪಾವನ್ನು ನೆಲಕ್ಕೆ ಎರಡು ಸಲ ಕುಟ್ಟಿ "ಇನ್ನಷ್ಟು ಹಾಕಪ್ಪಾ" ಅನ್ನುತ್ತಿದ್ದರು. ಅಂಗಡಿಯವನು ಮುಖ ಗಂಟು ಹಾಕುತ್ತಿದ್ದ. ರಾಗಿ ಕಾಳಿನ ಪಾವು ಕುಟ್ಟಿದರೆ ಸ್ವಲ್ಪವೇ ಇಳಿಯುತ್ತದೆ. ರಾಗಿ ಹಿಟ್ಟಿನ ಪಾವು ಕುಟ್ಟಿದರೆ ಕಾಲು ಭಾಗ ಜಾಗ ಖಾಲಿಯಾಗುತ್ತದೆ. ಎಷ್ಟು ಜಾಸ್ತಿ ಇಳಿಯುತ್ತದೋ ಆ ಪುಡಿ ಅಷ್ಟು ಅಂಟಿನದು. ಇದನ್ನೇ ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ರಾಲ್ಫ್ ಕಾರ್, 1965ರಲ್ಲಿ. ಎಷ್ಟು ಇಳಿಯಿತೋ ಅದನ್ನು ಮೊದಲಿದ್ದ ಗಾತ್ರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕಾರ್ ಇಂಡೆಕ್ಸ್. 15ರೊಳಗೆ ಇದ್ದರೆ ಒಳ್ಳೆಯದು. 16ರಿಂದ 20 ಪರವಾಗಿಲ್ಲ. 25ರವರೆಗೆ ಹೇಗೋ ನಡೆಯುತ್ತದೆ. 32 ದಾಟಿದರೆ ತೀರಾ ಕಳಪೆ.

ಹಳೆಯ ಪುಡಿ 19. ಹೊಸದು 33.

ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಸುತ್ತಿಗೆಯಿಂದ ಹಾಪರ್‌ಗೆ ಬಡಿಯುತ್ತಿದ್ದೆವಲ್ಲ, ಅದೂ ಕುಟ್ಟುವುದೇ ತಾನೆ. ಒಂದು ಕಡೆ ಕಮಾನು ಮುರಿಯುತ್ತಿದ್ದೆವು, ಇನ್ನೊಂದು ಕಡೆ ಮೇಲಿನ ಪುಡಿಯನ್ನು ಇನ್ನಷ್ಟು ಗಟ್ಟಿ ಮಾಡಿ ಮುಂದಿನ ಕಮಾನಿಗೆ ನಾವೇ ಕಲ್ಲು ಒದಗಿಸುತ್ತಿದ್ದೆವು. ಇದನ್ನು ಅಣ್ಣನಿಗೆ ಹೇಳಿದರೆ, "ಹಾಗಾದ್ರೆ ಬಡೀದೇ ಇರ್ಲಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾಸ್ ಹತ್ತಿರ ಹೋಗಿ ಎರಡು ವಾರ ಸಮಯ ಕೇಳಿದೆ. ಔಷಧವನ್ನು 20ರಿಂದ 40ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಐದು ಮಿಶ್ರಣ ಮಾಡುವುದು, ಎಲ್ಲಿ ಕೆಡುತ್ತದೆ ನೋಡುವುದು. ಅದಕ್ಕೂ ಮೊದಲು ಒಂದು ಊಹೆ ಮಾಡಿದೆ. ಔಷಧ ಒಂದನ್ನೇ ಅಳೆದರೆ ಕಾರ್ ಇಂಡೆಕ್ಸ್ 42. ಎಂಸಿಸಿ 23. ಲ್ಯಾಕ್ಟೋಸ್ 16. ಪಾಲಿನ ಪ್ರಕಾರ ಸರಾಸರಿ ಹಾಕಿದರೆ ಔಷಧ ಶೇಕಡಾ 20 ಇದ್ದಾಗ ಸುಮಾರು 24 ಬರಬೇಕು, 40 ಇದ್ದಾಗ 29 ಹತ್ತಿರ.

ಬಂದದ್ದು ಬೇರೆ. ಔಷಧ 20 ಇದ್ದಾಗ 19. 25ಕ್ಕೆ 20. 30ಕ್ಕೆ 22. ಅಲ್ಲಿವರೆಗೂ ಸಭ್ಯವಾಗಿತ್ತು. 35ಕ್ಕೆ ಒಂದೇ ಸಲ 28. 40ಕ್ಕೆ 33. ಕಡಿಮೆ ಪಾಲಿನಲ್ಲಿ ಸರಾಸರಿಗಿಂತ ಚೆನ್ನಾಗಿದೆ, ಜಾಸ್ತಿ ಪಾಲಿನಲ್ಲಿ ಸರಾಸರಿಗಿಂತ ಕೆಟ್ಟದಾಗಿದೆ. 30ಕ್ಕೂ 35ಕ್ಕೂ ಮಧ್ಯೆ ಏನೋ ಆಗುತ್ತಿದೆ.

ಏನು ಅಂತ ಗೊತ್ತಾದದ್ದು ತಿಪಟೂರಿನಲ್ಲಿ, ಅಮ್ಮನ ಅಡುಗೆಮನೆಯಲ್ಲಿ. ಗೌರಿ ಹಬ್ಬಕ್ಕೆ ಮೂರು ದಿನ ರಜೆ ಹಾಕಿ ಹೋಗಿದ್ದೆ. ತಿಪಟೂರು ಕೊಬ್ಬರಿಯ ಊರು, ನಮ್ಮನೆಯಲ್ಲಿ ಕರ್ಜಿಕಾಯಿಗೆ ಕೊಬ್ಬರಿ ಹಾಕುವಾಗ ಕೈ ಹಿಡಿಯೋರಿಲ್ಲ. ಅಮ್ಮ ದೊಡ್ಡ ತಟ್ಟೆಯಲ್ಲಿ ಸಕ್ಕರೆ ಪುಡಿ ಮಾಡದೆ ಹಾಗೇ ಹರಡಿ, ಮೇಲೆ ಒಣಕೊಬ್ಬರಿ ತುರಿ ಸ್ವಲ್ಪ ಸ್ವಲ್ಪ ಸೇರಿಸಿ ಕೈಯಾಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಚಮಚದಿಂದ ಎತ್ತಿ ಸುರಿಯುತ್ತಿದ್ದೆ, ಸುಮ್ನೆ. ಕೊಬ್ಬರಿ ಕಡಿಮೆ ಇದ್ದಾಗ ಚಮಚ ವಾರೆ ಮಾಡಿದರೆ ಸಕ್ಕರೆ ಸರಸರ ಜಾರುತ್ತದೆ, ಕೊಬ್ಬರಿ ಎಳೆಗಳು ಅದರ ಜೊತೆ ಹೋಗುತ್ತವೆ. ಅಮ್ಮ ಇನ್ನೊಂದು ಹಿಡಿ ಹಾಕಿದರು. ಇನ್ನೂ ಜಾರಿತು. ಮತ್ತೊಂದು ಹಿಡಿ ಹಾಕಿದರು. ಚಮಚ ಪೂರ್ತಿ ಬಗ್ಗಿಸಿದರೂ ಬೀಳಲಿಲ್ಲ. ಆಮೇಲೆ ಒಂದು ಮುದ್ದೆಯಾಗಿ ದೊಪ್ಪನೆ ಬಿತ್ತು.

"ಇದಕ್ಕೇನು ಮುಹೂರ್ತ ನೋಡ್ತಿದೀಯಾ? ಬಾ, ಕರ್ಜಿಕಾಯಿ ಮುಚ್ಚು" ಅಂದರು ಅಮ್ಮ.

ನಮ್ಮ ಔಷಧದ ಹರಳುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಉದ್ದುದ್ದ ಸೂಜಿಗಳು. ಥೇಟ್ ಕೊಬ್ಬರಿ ತುರಿ. ಎಂಸಿಸಿ ಮತ್ತು ಲ್ಯಾಕ್ಟೋಸ್ ಅದಕ್ಕೆ ಹೋಲಿಸಿದರೆ ಸಕ್ಕರೆ ಹರಳಿನ ಹಾಗೆ ದಪ್ಪ. ಸೂಜಿಗಳು ಕಡಿಮೆ ಇರುವವರೆಗೆ ಒಂದೊಂದೂ ದಪ್ಪ ಕಣಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡಿರುತ್ತವೆ. ಪುಡಿಯ ಗುಣ ದಪ್ಪ ಕಣದ್ದು. ಸೂಜಿಗಳು ಜಾಸ್ತಿಯಾಗುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಒಂದು ಸೂಜಿ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ತಾಗಿ ಈ ಗೋಡೆಯಿಂದ ಆ ಗೋಡೆವರೆಗೆ ಜಾಲ ಕಟ್ಟುತ್ತವೆ. ಆಮೇಲೆ ಪುಡಿಯ ಗುಣ ಔಷಧದ್ದು. ಎಂಸಿಸಿ ಎಷ್ಟೇ ಒಳ್ಳೆಯದಿದ್ದರೂ ಜಾಲದೊಳಗೆ ಸಿಕ್ಕಿಬಿದ್ದ ಅತಿಥಿ ಅಷ್ಟೆ. ಇದಕ್ಕೆ ಪರ್ಕೊಲೇಷನ್ ಥ್ರೆಶೋಲ್ಡ್ ಅನ್ನೋ ಹೆಸರಿದೆ, ಎಂ.ಫಾರ್ಮ್‌ನಲ್ಲಿ ಪರೀಕ್ಷೆಗೆ ಬರೆದಿದ್ದೆ ಕೂಡ. ನಂಬಿದ್ದು ಮಾತ್ರ ಚಮಚ ಬಗ್ಗಿಸಿದಾಗ.

ಸಣ್ಣ ಕಣ ಯಾಕೆ ಅಂಟುತ್ತದೆ ಅನ್ನೋದನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಣದ ಅಗಲ ಹತ್ತನೇ ಒಂದು ಭಾಗ ಆದರೆ ಅದರ ತೂಕ ಸಾವಿರದಲ್ಲಿ ಒಂದು ಭಾಗ ಆಗುತ್ತದೆ. ಅಕ್ಕಪಕ್ಕದ ಕಣವನ್ನು ಹಿಡಿದುಕೊಳ್ಳುವ ಬಲ ಮಾತ್ರ ಸುಮಾರು ಹತ್ತನೇ ಒಂದು ಭಾಗಕ್ಕಷ್ಟೇ ಇಳಿಯುತ್ತದೆ. ಅಂದರೆ ಕೆಳಗೆ ಎಳೆಯುವ ಭಾರ ಬೇಗ ಸೋಲುತ್ತದೆ, ಅಂಟು ಗೆಲ್ಲುತ್ತದೆ. ರವೆ ಜರಡಿಯಿಂದ ಬೀಳುತ್ತದೆ, ಮೈದಾ ಗುಡ್ಡೆ ಹಾಕಿಕೊಂಡು ಕೂರುತ್ತದೆ. ನಮ್ಮ ಔಷಧ ಮೈದಾಕ್ಕಿಂತ ನುಣುಪು, ಅಂದರೆ ಇನ್ನೂ ಸಣ್ಣ ಕಣದ್ದು.

ವಾಪಸ್ ಬಂದ ಮೇಲೆ ಮೊದಲು ಕೈ ಹಾಕಿದ್ದು ಏರೋಸಿಲ್‌ಗೆ. ಇದು ಸಿಲಿಕಾ. ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗೆ ಅನ್ನಿಸಲ್ಲ, ಡ್ರಮ್ ಮುಚ್ಚಳ ತೆಗೆದರೆ ಹೊಗೆ ಏಳುತ್ತದೆ. ನಾವು ಬಳಸುವ ಏರೋಸಿಲ್ 200ರ ಮೂಲ ಕಣ 12 ನ್ಯಾನೋಮೀಟರ್ ಅಷ್ಟೆ. ಒಂದು ಗ್ರಾಮಿನ ಮೇಲ್ಮೈ ಹರಡಿದರೆ 200 ಚದರ ಮೀಟರ್. ಆ ಕಣಗಳು ದೊಡ್ಡ ಕಣದ ಮೈಮೇಲೆ ಕೂತು ಎರಡು ಕಣಗಳು ಹತ್ತಿರ ಬರದ ಹಾಗೆ ನೋಡಿಕೊಳ್ಳುತ್ತವೆ.

ಹಳೆಯ ಫಾರ್ಮುಲಾದಲ್ಲಿ 0.5 ಸಾಕಾಗಿತ್ತು, ಹೊಸದಕ್ಕೂ ಅದನ್ನೇ ಬಿಟ್ಟಿದ್ದೆ. ತಪ್ಪು ಇಲ್ಲೇ ಇತ್ತು. ಔಷಧ ನುಣುಪು, ಅದರ ಮೈ ಜಾಸ್ತಿ. ಔಷಧ ಎರಡು ಪಟ್ಟಾದರೆ ಮುಚ್ಚಬೇಕಾದ ಮೈ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ಒಗ್ಗರಣೆ ಅಷ್ಟೇ ಇಟ್ಟು ಸಾರು ಮಾತ್ರ ದುಪ್ಪಟ್ಟು ಮಾಡಿದ ಹಾಗೆ. ತೂಕದ ಶೇಕಡಾ ನೋಡುತ್ತಾ ಕೂತವಳಿಗೆ ಮೈಯ ಲೆಕ್ಕ ಹೊಳೆದಿರಲಿಲ್ಲ.

ಶೇಕಡಾ 1ಕ್ಕೆ ಏರಿಸಿದೆ. ಸುಮ್ಮನೆ ಬ್ಲೆಂಡರ್‌ಗೆ ಸುರಿದರೆ ಉಂಡೆ ಉಂಡೆಯಾಗಿ ಉಳಿಯುತ್ತದೆ, ಹಾಗಾಗಿ ಮೊದಲು ಔಷಧದ ಜೊತೆ ಸೇರಿಸಿ 40 ಮೆಶ್ ಜರಡಿ ಹಿಡಿದೆವು. ಕಾರ್ ಇಂಡೆಕ್ಸ್ 33ರಿಂದ 27ಕ್ಕೆ ಬಂತು. ಖುಷಿಯಾಗಿ 2 ಹಾಕಿ ನೋಡಿದೆ. ಮತ್ತೆ 29. ಮೈ ತುಂಬಿದ ಮೇಲೆ ಉಳಿದ ಏರೋಸಿಲ್ ತಾನೇ ಒಂದು ನುಣುಪು ಪುಡಿ ಆಗಿ ಗುಂಪು ಸೇರುತ್ತದೆ. 1ಕ್ಕೇ ನಿಲ್ಲಿಸಿದೆ.

ಮುಂದಿನದು ನನ್ನ ಅವಸರದ ಕಥೆ. 27ರ ಪುಡಿ ಮೆಷಿನ್ ಮೇಲೆ ಹಾಕಿದಾಗ ಇಳಿಯಿತು, ಆದರೆ ಗೊಣಗುತ್ತಾ ಇಳಿಯಿತು. ಆವತ್ತು ಎರಡನೇ ಟ್ರಯಲ್ ಬ್ಯಾಚ್, ಸಂಜೆ ಆರಾಗಿತ್ತು, ಪ್ಲಾಂಟಿನಲ್ಲಿ ಮೆಷಿನ್ ನಮಗೆ ಕೊಟ್ಟದ್ದೇ ಎಂಟರವರೆಗೆ. ಉಳಿದ ಅರ್ಧ ಪುಡಿಯನ್ನು ಬ್ಲೆಂಡರ್‌ಗೆ ವಾಪಸ್ ಹಾಕಿ ಇನ್ನೊಂದು 15 ನಿಮಿಷ ತಿರುಗಿಸಿ ಅಂದೆ. ಮೆಗ್ನೀಸಿಯಂ ಸ್ಟಿಯರೇಟ್ ಆಗಲೇ ಒಳಗಿತ್ತು. ಅದನ್ನು ಕೊನೆಯಲ್ಲಿ ಹಾಕಿ ಕೆಲವೇ ನಿಮಿಷ ತಿರುಗಿಸಬೇಕು ಅನ್ನೋದು ಫಾರ್ಮಸಿ ಓದಿದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು.

ಪುಡಿ ಅದ್ಭುತವಾಗಿ ಇಳಿಯಿತು. ತೂಕ ಎಲ್ಲ 250ರ ಆಸುಪಾಸು. ಅಣ್ಣ ಹೆಬ್ಬೆರಳು ಎತ್ತಿದರು. ನಾನು ಆರಾಮಾಗಿ ಕಂಪನಿ ಬಸ್ ಹತ್ತಿ ಮನೆಗೆ ಹೋದೆ.

ಮರುದಿನ ಟೆಸ್ಟಿಂಗ್ ಲ್ಯಾಬಿನವರು ಕರೆದರು. 9 ಇರಬೇಕಾದ ಹಾರ್ಡ್‌ನೆಸ್, ಅಂದರೆ ಮಾತ್ರೆಯ ಗಟ್ಟಿತನ, 5. ಬೆರಳಲ್ಲಿ ಒತ್ತಿದರೆ ಅಂಚು ಉದುರುತ್ತಿತ್ತು. ಅದಕ್ಕಿಂತ ದೊಡ್ಡದು, ನೀರಿನಲ್ಲಿ ಹಾಕಿದರೆ ಮೂರು ನಿಮಿಷಕ್ಕೆ ಒಡೆಯುತ್ತಿದ್ದ ಮಾತ್ರೆ ಹನ್ನೊಂದು ನಿಮಿಷ ತೆಗೆದುಕೊಂಡಿತು. ಅರ್ಧ ಗಂಟೆಯಲ್ಲಿ ಶೇಕಡಾ 80 ಔಷಧ ಬಿಡಬೇಕಾದ ಕಡೆ 61 ಬಿಟ್ಟಿತ್ತು. ಮಾತ್ರೆ ಮೆತ್ತಗೂ ಇದೆ, ಕರಗುವುದೂ ಇಲ್ಲ. ಎರಡೂ ಒಟ್ಟಿಗೆ ಆಗುವುದು ವಿಚಿತ್ರ ಅಲ್ವಾ?

ವಿಚಿತ್ರ ಏನಿಲ್ಲ. ಮೆಗ್ನೀಸಿಯಂ ಸ್ಟಿಯರೇಟ್ ಅಂದರೆ ಒಂದು ಬಗೆಯ ಸೋಪೇ, ನೀರಿಗೆ ಒಗ್ಗದ ಸೋಪು. ಅದರ ಕಣಗಳು ತೆಳು ಹಾಳೆಗಳು. ತಿರುಗಿಸಿದಷ್ಟೂ ಹಾಳೆ ಸುಲಿದು ಸುಲಿದು ಎಲ್ಲ ಕಣಗಳ ಮೈಗೆ ಸವರಿಕೊಳ್ಳುತ್ತದೆ. ಮೈ ಜಾರುತ್ತದೆ, ಪುಡಿ ಇಳಿಯುತ್ತದೆ. ಅದೇ ಜಾರು ಮೈಗಳನ್ನು ಪಂಚ್ ಒತ್ತಿದಾಗ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ನೀರೂ ಒಳಗೆ ಹೋಗುವುದಿಲ್ಲ. ಇಲ್ಲೂ ಪಾಲಿನ ಆಟ ಇದೆ. ಲ್ಯಾಕ್ಟೋಸ್ ಒತ್ತಿದಾಗ ಪುಡಿಯಾಗಿ ಒಡೆಯುತ್ತದೆ, ಸವರಿಕೊಳ್ಳದ ಹೊಸ ಮುಖಗಳು ಹುಟ್ಟುತ್ತವೆ, ಅವು ಅಂಟಿಕೊಳ್ಳುತ್ತವೆ. ಎಂಸಿಸಿ ಒಡೆಯಲ್ಲ, ಮಣ್ಣಿನ ಹಾಗೆ ಚಪ್ಪಟೆಯಾಗುತ್ತದೆ, ಸವರಿದ ಮೈ ಸವರಿದ ಹಾಗೇ ಉಳಿಯುತ್ತದೆ. ನಾನು ಲ್ಯಾಕ್ಟೋಸ್ ಮೂರನೇ ಒಂದು ಭಾಗ ಕಿತ್ತುಹಾಕಿದ್ದೆ. ಹಳೆಯ ಫಾರ್ಮುಲಾ ಇಂಥ ತಪ್ಪನ್ನು ಸ್ವಲ್ಪವಾದರೂ ತಡೆದುಕೊಳ್ಳುತ್ತಿತ್ತು.

50 ಕಿಲೋ ಡಿಸ್ಟ್ರಕ್ಷನ್‌ಗೆ ಹೋಯಿತು. ಫಾರ್ಮ್ ತುಂಬಿಸಿ ಸಹಿ ಹಾಕಿದ್ದು ನಾನೇ.

ಇಷ್ಟಾದ ಮೇಲೆ ಬಾಸ್ ಒಂದು ಮಾತು ಹೇಳಿದರು. "ಕುಟ್ಟಿ ನೋಡಿದ್ದು ಸಾಕು, ಒತ್ತಿ ನೋಡಿ." ಹಾಪರ್‌ನಲ್ಲಿ ಕೆಳಗಿನ ಪುಡಿ ಮೇಲಿನ ಪುಡಿಯ ಭಾರ ಹೊತ್ತಿರುತ್ತದೆ, ಸಿಲಿಂಡರಿನಲ್ಲಿ ಆ ಭಾರ ಇಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಆಂಡ್ರ್ಯೂ ಜೆನಿಕೆ 1964ರಲ್ಲೇ ಇದನ್ನು ಬಿಡಿಸಿಟ್ಟಿದ್ದರು. ಪುಡಿಯನ್ನು ಒತ್ತಿ ಗಟ್ಟಿ ಮಾಡಿ, ಆಮೇಲೆ ಅಡ್ಡಕ್ಕೆ ಎಳೆದು, ಎಷ್ಟು ಬಲಕ್ಕೆ ಜಾರುತ್ತದೆ ಅಂತ ನೋಡುವ ಶಿಯರ್ ಸೆಲ್ ಅವರದ್ದು. ಒತ್ತಿದ ಬಲವನ್ನು ಪುಡಿಯ ಗಟ್ಟಿತನದಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. 10 ದಾಟಿದರೆ ನೀರು. 4ರಿಂದ 10 ಸುಲಭ. 4ಕ್ಕಿಂತ ಕೆಳಗೆ ಅಂಟು. ನಮ್ಮಲ್ಲಿ ಆ ಉಪಕರಣ ಇರಲಿಲ್ಲ, ಹೊರಗೆ ಕಳಿಸಿ ಮಾಡಿಸಿದೆವು. ಹಳೆಯ ಪುಡಿ 6, ಹೊಸದು 2.6. ಏರೋಸಿಲ್ ಏರಿಸಿದ್ದು 3.5. ಅಂದರೆ ಕಾರ್ ಇಂಡೆಕ್ಸ್ ನೋಡಿ ನಾನು ಅಂದುಕೊಂಡಷ್ಟು ಅದು ಸುಧಾರಿಸಿರಲಿಲ್ಲ.

ಮುಂದೆ ಎಂಸಿಸಿ ಬದಲಾಯಿಸಿದೆ. ನಾವು ಬಳಸುತ್ತಿದ್ದದ್ದು 102 ಗ್ರೇಡ್, ಸುಮಾರು 100 ಮೈಕ್ರಾನ್. ಅದರ ಬದಲು 200 ಗ್ರೇಡ್, 180 ಮೈಕ್ರಾನ್. ದಪ್ಪ ಸಕ್ಕರೆ ಹಾಕಿದರೆ ಕೊಬ್ಬರಿಯೂ ಜಾರುತ್ತದೇನೋ ಅನ್ನೋ ಆಸೆ. ಜಾರಿತು. ಕಾರ್ ಇಂಡೆಕ್ಸ್ 22. ಹಾರ್ಡ್‌ನೆಸ್ ಪರವಾಗಿಲ್ಲ. ಕರಗುವುದೂ ಸರಿ. ಬ್ಲೆಂಡರ್‌ನಲ್ಲಿ ಹತ್ತು ಕಡೆ ಸಲಾಕೆ ಇಳಿಸಿ ಸ್ಯಾಂಪಲ್ ತೆಗೆದೆವು, ಎಲ್ಲ ಕಡೆ ಔಷಧ ಒಂದೇ ಸಮ. ಈ ಸಲಾಕೆಗೆ ನಮ್ಮ ಇಂಡಸ್ಟ್ರಿಯಲ್ಲಿ ಥೀಫ್ ಅಂತಲೇ ಹೆಸರು, ಕಳ್ಳ. ಮಂಡಿಯಲ್ಲಿ ಅಕ್ಕಿ ಮೂಟೆಗೆ ಚುಚ್ಚಿ ಕಾಳು ತೆಗೆಯುತ್ತಾರಲ್ಲ, ಅದೇ ಜಾತಿ.

ಮಾತ್ರೆ ಒತ್ತಿ ಮುಗಿದ ಮೇಲೆ ಟೆಸ್ಟ್ ಮಾಡಿದರೆ ಶುರುವಿನ ಮಾತ್ರೆಗಳಲ್ಲಿ ಇರಬೇಕಾದ ಔಷಧದ ಶೇಕಡಾ 96, ಮಧ್ಯದಲ್ಲಿ 99, ಕೊನೆಯಲ್ಲಿ 109.

ಕರ್ಜಿಕಾಯಿ ಹೂರಣದ ಡಬ್ಬಿಯಲ್ಲಿ ಗಸಗಸೆ ಯಾವಾಗಲೂ ತಳ ಸೇರುತ್ತದೆ. ಡಬ್ಬಿ ಅಲ್ಲಾಡಿದಂತೆಲ್ಲ ಸಣ್ಣದು ಸಂದಿಯಲ್ಲಿ ನುಸುಳಿ ಕೆಳಗಿಳಿಯುತ್ತದೆ. ಹಾಗಾಗಿದ್ದರೆ ನಮ್ಮಲ್ಲಿ ಮೊದಲು ಇಳಿದ ಪುಡಿಯಲ್ಲಿ ಔಷಧ ಜಾಸ್ತಿ ಇರಬೇಕಿತ್ತು. ಉಲ್ಟಾ ಆಗಿದೆ. ಅರ್ಧ ದಿನ ತಲೆ ಕೆರೆದುಕೊಂಡು, ಕೊನೆಗೆ ಪುಡಿ ಸುರಿಯುವುದನ್ನೇ ನಿಂತು ನೋಡಿದೆ. ಬ್ಲೆಂಡರ್‌ನಿಂದ ಡ್ರಮ್ಮಿಗೆ ಎತ್ತರದಿಂದ ಸುರಿಯುತ್ತಾರೆ. ಪುಡಿ ಬಿದ್ದ ಜಾಗದ ಗಾಳಿ ಮೇಲಕ್ಕೆ ಬರಲೇಬೇಕು. ಬರುವಾಗ ನುಣುಪು ಔಷಧವನ್ನು ಎತ್ತಿಕೊಂಡು ಬರುತ್ತದೆ, ಅದು ಧೂಳಾಗಿ ತೇಲಿ ಕೊನೆಗೆ ಮೇಲೆ ಕೂರುತ್ತದೆ. ಮೊರದಲ್ಲಿ ಕೇರುವಾಗ ಹೊಟ್ಟು ಮೇಲೆ ಬರುವುದು ನೋಡಿದ್ದೀರಲ್ಲ, ಅದೇ. ಗಸಗಸೆ ತಳಕ್ಕೆ ಹೋಗುವಷ್ಟು ಭಾರ, ನಮ್ಮ ಔಷಧ ಹೊಟ್ಟಿನಷ್ಟು ಹಗುರ.

ಇಲ್ಲಿ ನನಗೆ ನಿಜವಾಗಿ ಬೇಜಾರಾಯಿತು. ಅಂಟುವ ಪುಡಿ ಇಳಿಯುವುದಿಲ್ಲ, ಆದರೆ ಬೇರೆಯೂ ಆಗುವುದಿಲ್ಲ, ಒಂದನ್ನೊಂದು ಹಿಡಿದುಕೊಂಡೇ ಇರುತ್ತದೆ. ಸರಾಗ ಇಳಿಯುವ ಪುಡಿಗೆ ಯಾರನ್ನೂ ಹಿಡಿದುಕೊಳ್ಳುವ ಅಭ್ಯಾಸವಿಲ್ಲ, ದಾರಿಯಲ್ಲಿ ಸಾಲು ಮುರಿಯುತ್ತದೆ. ನಾನು ಒಂದು ತಪ್ಪಿಸಲು ಹೋದರೆ ಇನ್ನೊಂದಕ್ಕೆ ಬೀಳುತ್ತಿದ್ದೆ. 40ರ ಪಾಲಿನಲ್ಲಿ ಪುಡಿಗಳನ್ನು ಬರೀ ಬೆರೆಸಿ ಮಾತ್ರೆ ಮಾಡುವುದು ಆಗಲ್ಲ ಅಂತ ಒಪ್ಪಿಕೊಂಡೆ. ಔಷಧ ತಯಾರಿಸುವವರಿಗೆ ಸೂಜಿ ಬಿಟ್ಟು ಗುಂಡನೆ ಹರಳು ಕೊಡಿ ಅಂತ ಕೇಳಬಹುದಿತ್ತು. ಕೇಳಿದೆವು. ಬೆಲೆ ಹೇಳಿದರು. ಮತ್ತೆ ಕೇಳಲಿಲ್ಲ.

ಉಳಿದದ್ದು ರೋಲರ್ ಕಾಂಪ್ಯಾಕ್ಟರ್. ಖರ್ಚು, ಸಮಯ ಎರಡೂ ಜಾಸ್ತಿ ಅಂತಲೇ ಇಷ್ಟು ದಿನ ಅದರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಔಷಧ, ಲ್ಯಾಕ್ಟೋಸ್ ಪೂರ್ತಿ, ಎಂಸಿಸಿಯ ಸುಮಾರು ಮೂರನೇ ಎರಡು ಭಾಗ, ಸ್ಟಿಯರೇಟಿನ ಅರ್ಧ ಬೆರೆಸಿ ಎರಡು ಉರುಳೆಗಳ ನಡುವೆ ಬಿಡುವುದು. ಆಚೆ ಕಡೆ ಹಪ್ಪಳದಂಥ ಪಟ್ಟಿ ಬರುತ್ತದೆ. ಅದನ್ನು ಮಿಲ್ಲಿನಲ್ಲಿ ಒಡೆದರೆ ರವೆಯಂಥ ಕಾಳು. ಒಂದೊಂದು ಕಾಳಿನಲ್ಲೂ ಔಷಧ, ಎಂಸಿಸಿ, ಲ್ಯಾಕ್ಟೋಸ್ ಕಟ್ಟಿಹಾಕಿದ ಹಾಗೆ ಇರುತ್ತವೆ. ಸೂಜಿಗೆ ಸೂಜಿ ಹಿಡಿಯುವ ಹಾಗಿಲ್ಲ, ಗಾಳಿ ಹೊತ್ತುಕೊಂಡು ಹೋಗುವ ಹಾಗೂ ಇಲ್ಲ. ಉಳಿದ ಎಂಸಿಸಿ, ಏರೋಸಿಲ್, ಸ್ಟಿಯರೇಟ್ ಹೊರಗಿನಿಂದ.

ಮೊದಲ ಸಲ ಉರುಳೆ ಒತ್ತಡ ಕಡಿಮೆ ಇಟ್ಟು ಅರ್ಧಕ್ಕರ್ಧ ಪುಡಿಯಾಗೇ ಉಳಿಯಿತು. ಎರಡನೇ ಸಲ ಜಾಸ್ತಿ ಇಟ್ಟೆವು. ಕಾಳು ಚೆನ್ನಾಗಿತ್ತು, ಮಾತ್ರೆ ಕಚ್ಚಿಕೊಳ್ಳಲಿಲ್ಲ. ಎಂಸಿಸಿಯನ್ನು ಒಮ್ಮೆ ಒತ್ತಿ ಚಪ್ಪಟೆ ಮಾಡಿದರೆ ಎರಡನೇ ಸಲ ಒತ್ತಿದಾಗ ಅದರಲ್ಲಿ ಅಷ್ಟು ಕಸುವು ಉಳಿದಿರುವುದಿಲ್ಲ. ಅದಕ್ಕೇ ಸ್ವಲ್ಪವನ್ನು ಹೊರಗೆ ಉಳಿಸಿಕೊಳ್ಳುವುದು. ಮೂರನೇ ಸಲ ನಡುವಿನ ಒತ್ತಡಕ್ಕೆ ಹಾರ್ಡ್‌ನೆಸ್ 7.5 ಬಂತು. 9 ಅಲ್ಲ. ಸಾಕು ಅಂದೆವು.

ಆ ಕಾಳು ತಂದು ಸಿಲಿಂಡರಿಗೆ 100 ಗ್ರಾಂ ಸುರಿದೆ. 172ಕ್ಕೆ ನಿಂತಿತು. 1250 ಸಲ ಕುಟ್ಟಿದ ಮೇಲೆ 142. ಕಾರ್ ಇಂಡೆಕ್ಸ್ 17.

ಡಿಸೆಂಬರ್ ಕೊನೆಗೆ ವ್ಯಾಲಿಡೇಷನ್ ಬ್ಯಾಚ್‌ಗಳು, ಅಂದರೆ ಪ್ರತಿ ಸಲವೂ ಸರಿಯಾಗಿ ಬರುತ್ತದೆ ಅಂತ ತೋರಿಸುವ ಬ್ಯಾಚ್‌ಗಳು ಓಡಿದವು, ಮೂರು. ತೂಕ, ಔಷಧದ ಪ್ರಮಾಣ, ಕರಗುವುದು, ಮೂರರಲ್ಲೂ ಸರಿ. ಮೂರನೇ ಬ್ಯಾಚಿನ ಕೊನೆಯಲ್ಲಿ ನಾನು ಕಂಪ್ರೆಷನ್ ರೂಮಿನಲ್ಲೇ ಇದ್ದೆ. ಹಾಪರ್ ತಳ ಕಾಣುವ ಹೊತ್ತಿಗೆ ತೂಕ ಮತ್ತೆ ಅಲುಗಾಡತೊಡಗಿತು. ಮೇಲೆ ಭಾರ ಇಲ್ಲದೆ ಡೈ ಸರಿಯಾಗಿ ತುಂಬುವುದಿಲ್ಲ. ಆಪರೇಟರ್ ಅಣ್ಣನ ಕೈ ತನ್ನಷ್ಟಕ್ಕೇ ಸುತ್ತಿಗೆ ಇದ್ದ ಕಡೆ ಹೋಯಿತು.

"ಬೇಡ ಅಣ್ಣ, ಮೆಷಿನ್ ನಿಲ್ಲಿಸಿ" ಅಂದೆ.

ಉಳಿದದ್ದು ಮೂರು ಕಿಲೋ ಚಿಲ್ಲರೆ. ತೂಕ ಮಾಡಿ, ಕೆಂಪು ಲೇಬಲ್ ಅಂಟಿಸಿ, ಬ್ಯಾಚ್ ರೆಕಾರ್ಡಿನಲ್ಲಿ ರಿಜೆಕ್ಷನ್ ಅಂತ ಬರೆದೆವು. ಈಗಲೂ ಪ್ರತಿ ಬ್ಯಾಚಿನಲ್ಲಿ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದಂತೆ.